ವರ್ಗಣಿ ಎತ್ತುವ ಕೆಲಸ

ಕಳೆದ ತಿಂಗಳು ಅಕ್ಕಲಕೋಟೆಯಿಂದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದರು. ಹತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ಮಗನಿಗೆ ಈಗ ಆಸ್ಪತ್ರೆ ನಡೆಸುವ ಒಂದು ಧರ್ಮಾರ್ಥ ಟ್ರಸ್ಟಿನಲ್ಲಿ ನಿಧಿಸಂಗ್ರಹದ ನಿರ್ದೇಶಕನ ಹುದ್ದೆಗೆ ಕರೆ ಬಂದಿದೆಯಂತೆ. "ಮೂರು ತಲೆಮಾರು ಅಡತಿ ಅಂಗಡಿ ನಡೆಸಿದ ಮನೆತನ ನಮ್ಮದು. ಮಗ ಮಂದಿಯ ಅಂಗಡಿ ಮೆಟ್ಟಿಲು ಹತ್ತಿ ಕೈ ಚಾಚಬೇಕೆ?" ಎಂದು ಕೇಳಿದ್ದಾರೆ. ಕನ್ಯೆ ಕೊಡುವವರು ಏನೆಂದಾರು ಎಂದು ಇನ್ನೊಂದು ಸಾಲನ್ನೂ ಬರೆದು ಆಮೇಲೆ ಹೊಡೆದು ಹಾಕಿದ್ದಾರೆ. ನಮಗೆ ಅದೂ ಓದಲು ಬಂತು.

ನಾವು ಇಂಥದೇ ಕೆಲಸದಲ್ಲಿ ಆರು ವರ್ಷ ಇದ್ದವರು. ವಿಸಿಟಿಂಗ್ ಕಾರ್ಡಿನ ಮೇಲೆ 'ಫಂಡ್ ರೇಸಿಂಗ್ ಡೈರೆಕ್ಟರ್' ಎಂದು ಅಚ್ಚಾಗಿತ್ತು. ಮನೆಯಲ್ಲಿ ಮಾತ್ರ ಅದಕ್ಕೆ 'ವರ್ಗಣಿ ಎತ್ತುವ ಕೆಲಸ' ಎಂದೇ ಹೆಸರು.

ಕೈ ಚಾಚುವುದು ಕಷ್ಟವಲ್ಲ, ತಾಯಿ. ನಮ್ಮ ಸಮಾಜದಲ್ಲಿ ಕೇಳಿದರೆ ಕೊಡುತ್ತಾರೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಮಕ್ಕಳು ಪಾಠಶಾಲೆಯಲ್ಲಿಯೇ ಬಾಯಿಪಾಠ ಮಾಡಿರುತ್ತಾರೆ. ಉಗ್ರಾದಿತ್ಯಾಚಾರ್ಯರ ವೈದ್ಯಗ್ರಂಥ 'ಕಲ್ಯಾಣಕಾರಕ' 1940ರಲ್ಲಿ ಅಚ್ಚಾಗಿ ಹೊರಬಂದದ್ದು ನಮ್ಮ ಸೋಲಾಪುರದಿಂದಲೇ. ಔಷಧದಾನದ ಮಾತನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕಷ್ಟವಿರುವುದು ಬೇರೆ ಕಡೆ. ದಾನಿಗೆ ಕೊಡಬೇಕೆನಿಸುವುದು ಒಂದಾದರೆ ಆಸ್ಪತ್ರೆಗೆ ಬೇಕಾಗಿರುವುದು ಇನ್ನೊಂದು.

ನಮ್ಮ ಟ್ರಸ್ಟು ಡಯಾಲಿಸಿಸ್ ಘಟಕ ನಡೆಸುತ್ತಿತ್ತು. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡುವ ಕೆಲಸ. ಒಂದು ಸರತಿಗೆ ನಾಲ್ಕು ತಾಸು, ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು. ವಾರಕ್ಕೆ ಮೂರು ಸಲ ಆಗಬೇಕೆಂದು ವೈದ್ಯರು ಹೇಳುತ್ತಾರೆ. ಖರ್ಚಿಗೆ ಅಂಜಿ ಎರಡಕ್ಕೇ ನಿಲ್ಲಿಸುವವರು ಬಹಳ. ಎರಡೇ ಎಂದರೂ ವರ್ಷಕ್ಕೆ 104 ಸರತಿ, ಒಬ್ಬ ರೋಗಿಗೆ. ಬೇರೆ ಮೂತ್ರಪಿಂಡ ಕೂಡಿಸುವವರೆಗೆ ಅಥವಾ ಜೀವ ಇರುವವರೆಗೆ ಇದು ತಪ್ಪುವುದಿಲ್ಲ. 2016ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಅನುಕೂಲವಾಯಿತು, ನಿಜ. ಆದರೆ ದೂರದ ಹಳ್ಳಿಯವನು ವಾರಕ್ಕೆ ಎರಡು ಸಲ ಬಸ್ಸು ಹತ್ತಬೇಕು, ಜೊತೆಗೆ ಬರುವ ಹೆಂಡತಿಯೋ ಮಗನೋ ಆ ದಿನದ ಕೂಲಿ ಬಿಡಬೇಕು. ಹತ್ತಿರದ ಊರಲ್ಲಿ ಘಟಕ ಬೇಕೆನ್ನುವುದು ಅದಕ್ಕೇ.

ಒಂದು ವರ್ಷ ಕಾಳುಕಡಿ ವ್ಯಾಪಾರದ ಸಾವಕಾರರೊಬ್ಬರಲ್ಲಿ ಹೋದೆವು. ಆಗ ನಮ್ಮಲ್ಲಿ ಕೊರತೆಯಿದ್ದದ್ದು ತಂತ್ರಜ್ಞರ ಪಗಾರಕ್ಕೆ. ಅವರು, "ಮಶೀನ್ ಕೊಡ್ತೀನ್ರೀ, ತಂದೆಯವರ ಹೆಸರು ಹಾಕ್ರಿ. ಪಗಾರದ ಮಾತು ಮಾತ್ರ ಬ್ಯಾಡ್ರಿ, ಅದು ಹೊಳ್ಯಾಗ ಹುಣಸೀಹಣ್ಣು ತೊಳದಂಗ" ಎಂದರು. ನಾವು ಹೂಂ ಎಂದೆವು. ಯಂತ್ರ ಬಂದರೆ ವಾರ್ಷಿಕ ವರದಿಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಟ್ರಸ್ಟಿಗಳೂ ಬೆನ್ನು ತಟ್ಟುತ್ತಾರೆ ಎಂಬ ಆಸೆ ನಮಗೂ ಇತ್ತು. ಸಮಾರಂಭ ಆಯಿತು. ಗೋಡೆಗೆ ಅಮೃತಶಿಲೆಯ ಫಲಕ ಕೂತಿತು.

ಎರಡು ತಿಂಗಳು ಪಗಾರ ತಡವಾದ ಮೇಲೆ ಇಬ್ಬರು ತಂತ್ರಜ್ಞರಲ್ಲಿ ಒಬ್ಬ ದೊಡ್ಡ ಊರಿಗೆ ಹೋಗಿಬಿಟ್ಟ. ತಪ್ಪು ಅವನದಲ್ಲ, ಅವನಿಗೂ ಮಕ್ಕಳಿದ್ದಾರೆ. ಹೊಸ ಯಂತ್ರಕ್ಕೆ ಹೊದಿಕೆ ಹಾಕಿದೆವು. ಮಂಗಳವಾರ, ಶುಕ್ರವಾರ ಬರುತ್ತಿದ್ದ ಮಾರ್ಕೆಟಿನ ಹಮಾಲನೊಬ್ಬನಿಗೆ, ಸದ್ಯ ಮಂಗಳವಾರವಷ್ಟೇ ಬಾ ಎಂದು ಹೇಳಿದವರು ನಾವೇ. ಮೂರನೆಯ ವಾರ ರವಿವಾರ ರಾತ್ರಿ ಮೈಯಲ್ಲಿ ನೀರು ತುಂಬಿ ಅವನಿಗೆ ಉಸಿರು ಸಿಕ್ಕದಂತಾಯಿತು. ಬಾಡಿಗೆ ಜೀಪಿನಲ್ಲಿ ಜಿಲ್ಲಾ ಊರಿಗೆ ಒಯ್ದರು. ಬದುಕಿದ. ಹತ್ತು ದಿನದ ಮೇಲೆ ಬಂದು ನಮಗೇ ಕೈಮುಗಿದ. ಆ ನಮಸ್ಕಾರ ತೆಗೆದುಕೊಳ್ಳಲು ನಮಗೆ ಮುಖ ಇರಲಿಲ್ಲ.

ಸಾವಕಾರರಲ್ಲಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಮಾತಾಡಲಿಲ್ಲ. ಒಳಗೆ ಜಪದ ಮಣಿ ಹಿಡಿದು ಕೂತಿದ್ದ ಅವರ ತಾಯಿ ಕೇಳಿದರು: "ಬಸದ್ಯಾಗ ಅಭಿಷೇಕಕ್ಕ ತಿಥಿ ಹಚ್ಚತೀವಲ್ಲಪಾ, ಹಂಗ ಇದಕ್ಕೂ ಯಾಕ ಹಚ್ಚಬಾರದು?"

ಆರು ವರ್ಷದಲ್ಲಿ ನಮಗೆ ಹೊಳೆಯದ್ದು ಆ ಅವ್ವನಿಗೆ ಹೊಳೆಯಿತು. ಹಿರಿಯರ ತಿಥಿಗೋ ಮಗುವಿನ ಹುಟ್ಟುಹಬ್ಬಕ್ಕೋ ಒಂದು ದಿನ ಹಿಡಿಯುವುದು. ಆ ದಿನ ಘಟಕಕ್ಕೆ ತಗಲುವ ಪಗಾರ, ಕರೆಂಟು, ನಳಿಕೆ, ಸೂಜಿಗಳ ಖರ್ಚು ಆ ಮನೆಯವರದು, ಪ್ರತಿ ವರ್ಷ. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ಬಸದಿಯಲ್ಲಿ ಪುಸ್ತಕ ತೆರೆದೆವು. ಮನವಿಪತ್ರ ಅದುವರೆಗೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಇರುತ್ತಿತ್ತು. ಆ ಸಲ ಕನ್ನಡದಲ್ಲಿಯೂ ಮಾಡಿಸಿದೆವು. ಮನೆಯಲ್ಲಿ ಕನ್ನಡ ಆಡುವ ಅಜ್ಜಿಯರು ಮೊಮ್ಮಕ್ಕಳಿಂದ ಓದಿಸಿ ಕೇಳಿ ದಿನ ಹಿಡಿದರು. ಫಲಕಕ್ಕಾಗಿ ಜಗಳವಾಡುತ್ತಿದ್ದ ಮನೆಗಳೇ ಇವು. ವ್ಯಾಪಾರಿಗೆ ಬಂಡವಾಳ ಬೇರೆ, ದಿನದ ಖರ್ಚು ಬೇರೆ ಎಂಬುದು ಗೊತ್ತಿಲ್ಲದ ವಿಷಯವೇ? ಅಂಗಡಿಯ ಕೀರ್ದಿಯಲ್ಲಿ ಗೊತ್ತಿದ್ದದ್ದು ದಾನದ ಹೊತ್ತಿಗೆ ಮರೆಯುತ್ತದೆ, ಅಷ್ಟೆ.

ಗುಪ್ತದಾನದ ಬಗ್ಗೆಯೂ ಒಂದು ಮಾತು ಹೇಳಬೇಕು. ಚೀಟಿಯಿಲ್ಲದೆ ಕವರಿನಲ್ಲಿ ಹಣ ಇಟ್ಟು ಹೋಗುವವರು ನಮ್ಮಲ್ಲಿ ಇದ್ದಾರೆ. ಅವರ ಭಾವ ದೊಡ್ಡದು. ಆದರೆ 2006ರ ಹಣಕಾಸು ಕಾಯ್ದೆಯ ನಂತರ, ಆಸ್ಪತ್ರೆಯಂಥ ಧರ್ಮಾರ್ಥ ಸಂಸ್ಥೆಗೆ ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿತೆಂದರೆ ಶೇಕಡಾ 30 ತೆರಿಗೆ ಬೀಳುತ್ತದೆ. ಹಾಗಾಗಿ ಗೋಡೆಯ ಮೇಲೆ ಹೆಸರು ಬೇಡವೆನ್ನಿ, ಪಾವತಿ ಪುಸ್ತಕದಲ್ಲಿ ಬೇಡವೆನ್ನಬೇಡಿ. ನಮ್ಮ ವ್ಯಾಪಾರಿಗಳು 80 ಜಿ ಎಂದು ಕರೆಯುವ ರಿಯಾಯಿತಿಯೂ 2017ರಿಂದ ನಗದಾಗಿ 2000 ರೂಪಾಯಿ ಮೀರಿ ಕೊಟ್ಟರೆ ಇಲ್ಲ. ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ ಕೊಡಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಆ ರಿಯಾಯಿತಿಯೇ ಇಲ್ಲ. ಅದು ತಿಳಿದ ಮೇಲೆ ಕೆಲವರು ಕೈ ಹಿಂದೆ ತೆಗೆದರು. ತಿಥಿ ಹಿಡಿದವರು ಯಾರೂ ತೆಗೆಯಲಿಲ್ಲ.

ಧರ್ಮದ ಹಣದಲ್ಲಿ ಪಗಾರ ತಿನ್ನಬಹುದೇ ಎಂದೂ ತಾಯಿಯವರು ಕೇಳಿದ್ದಾರೆ. ದಿನಪೂರ್ತಿ ದುಡಿದವನು ಗೊತ್ತು ಮಾಡಿದ ಪಗಾರ ತೆಗೆದುಕೊಳ್ಳುವುದರಲ್ಲಿ ದೋಷ ನಮಗೆ ಕಾಣುವುದಿಲ್ಲ. ಎತ್ತಿದ ಹಣದಲ್ಲಿ ನೂರಕ್ಕೆ ಇಷ್ಟು ಎಂಬ ಕಮಿಶನ್ ಮಾತು ಬಂದರೆ ಮಾತ್ರ ಎದ್ದು ಬರಲಿ. ಅಡತಿ ಕಾಳಿಗೆ ಸರಿ, ಕಾಯಿಲೆಗೆ ಸರಿಯಲ್ಲ.

ಸೇರುವುದಾದರೆ, ನಿಮ್ಮ ಮಗ ಮೊದಲ ದಿನವೇ ಟ್ರಸ್ಟಿನವರ ಆಡಿಟ್ ವರದಿ ಕೇಳಿ ಓದಲಿ. ಆಸ್ಪತ್ರೆಯ ಪಗಾರಕ್ಕೆ ಎಷ್ಟು ತಿಂಗಳ ಹಣ ಕೈಯಲ್ಲಿದೆ ಎಂದೂ ಕೇಳಲಿ. ಉತ್ತರ ಬರುವವರೆಗೆ ಕಾರ್ಡು ಅಚ್ಚು ಹಾಕಿಸುವುದು ಬೇಡ.