ಕಟ್ ಮತ್ತು ಕಟ್ಟು

ಈಚೆಗೆ ಒಂದು ದಿನ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಮಹಾಭಾರತದಲ್ಲಿ ಕರ್ಣನ ಅವಸಾನದ ಪ್ರಸಂಗವನ್ನು ಸಂಗ್ರಹಿಸಿ ಬರೆಯಿರೆಂಬುದು ಪ್ರಶ್ನೆ. ಹುಡುಗನೊಬ್ಬ ಮುದ್ದಾದ ಅಕ್ಷರಗಳಲ್ಲಿ, ಒತ್ತು ದೀರ್ಘಗಳಲ್ಲಿ ಒಂದೂ ತಪ್ಪಿಲ್ಲದಂತೆ, ರಥದ ಚಕ್ರ ನೆಲಕ್ಕಿಳಿದುದನ್ನೂ ಕರ್ಣನು ಅದನ್ನೆತ್ತಲು ಹೆಣಗಿದುದನ್ನೂ ಬರೆದು, "ಆಗ ಅರ್ಜುನನು ಬಾಣವನ್ನು ಬಿಟ್ಟು ಕರ್ಣನ ತಲೆಯನ್ನು ಕಟ್ ಮಾಡಿದನು" ಎಂದು ಮುಗಿಸಿದ್ದ. ಕುರುಕ್ಷೇತ್ರದ ನಡುವೆ ನನಗೆ ಕ್ಷೌರದಂಗಡಿಯ ಕತ್ತರಿಯ ಸದ್ದು ಕೇಳಿಸಿತು. ಅರ್ಧ ಅಂಕ ಕಳೆದೆ. ಪಕ್ಕದ ಮೇಜಿನಲ್ಲಿದ್ದ ಮಿತ್ರರು, ಅವರೂ ಕನ್ನಡದ ಅಧ್ಯಾಪಕರೇ, ಪತ್ರಿಕೆಯತ್ತ ಬಗ್ಗಿ ನೋಡಿ ನಕ್ಕು, "ಎಷ್ಟು ಕಟ್ ಮಾಡಿದಿರಿ ಸಾರ್?" ಎಂದರು. "ಅರ್ಧ ಕಟ್ ಮಾಡಿದೆ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹುಡುಗನಿಗೆ ಆ ಅರ್ಧ ಅಂಕವನ್ನು ಹಿಂದಕ್ಕೆ ಕೊಡಬೇಕಾಯಿತು.

ಈ ಒಂದು ಮಾತನ್ನು ಹಿಡಿದುಕೊಂಡು ಸ್ವಲ್ಪ ಜಗಳವಾಡಬೇಕೆಂದಿದ್ದೇನೆ. ಓದುಗರು ತಾಳ್ಮೆಯಿಂದ ಕೇಳಬೇಕು.

ಇಂಗ್ಲಿಷಿನಲ್ಲಿ 'ಕಟ್' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಭೂತಕಾಲದಲ್ಲೂ ಅದರ ರೂಪ ಬದಲಾಗುವುದಿಲ್ಲ. ಇಂಗ್ಲಿಷು ಕಾಲಕ್ರಮದಲ್ಲಿ ತನ್ನ ಪ್ರತ್ಯಯಗಳಲ್ಲಿ ಬಹುಪಾಲನ್ನು ಕಳೆದುಕೊಂಡ ಭಾಷೆ. ಪ್ರತ್ಯಯಗಳು ಉದುರಿದಾಗ ನಾಮವೂ ಕ್ರಿಯೆಯೂ ಒಂದೇ ಉಡುಪಿನಲ್ಲಿ ನಿಂತವು. ಹೀಗಾಗಿ ಆ ಭಾಷೆಯವರು ಯಾವ ಹೆಸರನ್ನಾದರೂ ಎತ್ತಿ ಕ್ರಿಯೆಯ ಸ್ಥಾನದಲ್ಲಿ ಕೂರಿಸಬಲ್ಲರು. ಇದಕ್ಕೆ ಅವರಲ್ಲೂ ಆಕ್ಷೇಪಣೆಗಳಿದ್ದವು. 1789ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ನಿಘಂಟುಕಾರ ನೋಹ ವೆಬ್‌ಸ್ಟರನಿಗೆ ಕಾಗದ ಬರೆದು, 'ನೋಟೀಸ್', 'ಅಡ್ವೊಕೇಟ್', 'ಪ್ರೋಗ್ರೆಸ್' ಎಂಬ ಹೆಸರುಗಳನ್ನು ಕ್ರಿಯಾಪದಗಳಾಗಿ ಬಳಸುತ್ತಿದ್ದಾರೆಂದು ಗೊಣಗಿದ. ಇಂದು ಆ ಮೂರೂ ನಿರಾತಂಕವಾಗಿ ಕ್ರಿಯಾಪದಗಳಾಗಿವೆ. ಗೊಣಗಿದವನು ಸೋತ. ಭಾಷೆಯ ವಿಷಯದಲ್ಲಿ ಗೊಣಗುವವರಿಗೆ ಒದಗುವ ಗತಿ ಸಾಮಾನ್ಯವಾಗಿ ಇದೇ. ನನಗೂ ಅದು ಗೊತ್ತು.

ಆದರೆ ನನ್ನ ಜಗಳ ಬೇರೆ. ಫ್ರಾಂಕ್ಲಿನ್ನನಿಗೆ ಹೆಸರು ಕ್ರಿಯೆಯಾಯಿತೆಂಬ ದುಃಖ. ನನಗೆ ಕನ್ನಡದಲ್ಲಿ ಅದು ಆಗಲಿಲ್ಲವೆಂಬ ದುಃಖ.

ಹೆಸರೇ ಕ್ರಿಯೆಯೂ ಆಗುವ ಚೆಲುವು ಇಂಗ್ಲಿಷಿನ ಸ್ವತ್ತೇನೂ ಅಲ್ಲ. ಕೆಮ್ಮು, ಸೀನು, ತೇಗು, ಉಗುಳು, ಬೆವರು ಎಂದು ಮೈಯಿಂದಲೇ ಆರಂಭಿಸಿ ನೋಡಿ: ಇವೆಲ್ಲ ಕನ್ನಡದಲ್ಲಿ ಹೆಸರೂ ಹೌದು, ಕ್ರಿಯೆಯೂ ಹೌದು. ನಗು, ಅಳು, ಕೂಗು, ಹಾಡು, ಓದು, ನಡೆ, ನುಡಿ, ಬೆಳೆ, ಚಿಗುರು, ಹುಟ್ಟು, ಬಾಳು — ಮನುಷ್ಯನ ಬದುಕು ಪೂರ್ತಿಯಾಗಿ ಈ ಪಟ್ಟಿಯೊಳಗೆ ಬಂದುಬಿಡುತ್ತದೆ. ಇವೆಲ್ಲಕ್ಕಿಂತ ದೊಡ್ಡದು 'ಕಟ್ಟು'. ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ, ಸಂಘ ಕಟ್ಟುತ್ತೇವೆ. ಹಕ್ಕಿ ಗೂಡು ಕಟ್ಟುತ್ತದೆ. ಆಕಾಶದಲ್ಲಿ ಮೋಡ ಕಟ್ಟುತ್ತದೆ. ಹೆಸರಾದಾಗ ಅದು ಪಟದ ಕಟ್ಟು, ಪುಸ್ತಕದ ಕಟ್ಟು, ಅಣೆಕಟ್ಟು. ಬೇಳೆ ಬೇಯಿಸಿ ಬಸಿದ ನೀರೂ ಕಟ್ಟು. ಹೋಳಿಗೆಯ ದಿನ ಕಟ್ಟಿನ ಸಾರು ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟೆ, ಕಟ್ಟಡ, ಕಟ್ಟಳೆ, ಕಟ್ಟುಪಾಡು, ಒಕ್ಕಟ್ಟು ಎಲ್ಲವೂ ಈ ಮನೆಯ ಮಕ್ಕಳು.

ಈ ಮನೆಯ ಬಾಗಿಲಿಗೆ 'ಕಟ್' ಬಂದು ನಿಂತಿದೆ. ಕನ್ನಡವು ಪರಭಾಷೆಯ ವ್ಯಂಜನಾಂತ ಶಬ್ದಕ್ಕೆ ಒಂದು ಉಕಾರ ಹಚ್ಚಿ ತನ್ನದಾಗಿಸಿಕೊಳ್ಳುವುದು ರೂಢಿ: ಬಸ್ ಬಸ್ಸಾಯಿತು, ಕಾರ್ ಕಾರಾಯಿತು. ಆದರೆ ಕಟ್‌ಗೆ ಉಕಾರ ಹಚ್ಚಿದರೆ ಕಟ್ಟು ಆಗುತ್ತದೆ. ಆ ಪೀಠದಲ್ಲಿ ಈಗಾಗಲೇ ಮನೆಯ ಯಜಮಾನನೇ ಕುಳಿತಿದ್ದಾನೆ. ಅರ್ಥವೂ ತಿರುಗುಮುರುಗು: ಒಂದು ಕೂಡಿಸುವ ಮಾತು, ಇನ್ನೊಂದು ಬೇರ್ಪಡಿಸುವ ಮಾತು. ಆದಕಾರಣ 'ಕಟ್' ಎಂದೆಂದಿಗೂ ಅರ್ಧಾಕ್ಷರದ ಪರದೇಶಿಯಾಗಿಯೇ ಉಳಿಯಬೇಕು. ಅದಕ್ಕೆ ಕಾಲವಿಲ್ಲ, ಲಿಂಗವಿಲ್ಲ, ವಚನವಿಲ್ಲ. ಎಲ್ಲ ಹೊರೆಯನ್ನೂ ಹೊರುವವನು 'ಮಾಡು' ಎಂಬ ಕೂಲಿಯಾಳು. ಕಟ್ ಮಾಡಿದನು, ಕಟ್ ಮಾಡುತ್ತಾಳೆ, ಕಟ್ ಮಾಡಿಸುವರು — ಬೆವರು ಸುರಿಸುವವನು ಮಾಡು, ಪಲ್ಲಕ್ಕಿಯಲ್ಲಿ ಕುಳಿತವನು ಕಟ್.

ಪಲ್ಲಕ್ಕಿ ಹಾದುಹೋದ ದಾರಿಯಲ್ಲಿ ಏನಾಯಿತೆಂದು ನೋಡೋಣ. ತರಕಾರಿಯನ್ನು ಹೆಚ್ಚುತ್ತಿದ್ದೆವು, ಪೈರನ್ನು ಕೊಯ್ಯುತ್ತಿದ್ದೆವು, ಮರವನ್ನು ಕಡಿಯುತ್ತಿದ್ದೆವು, ಸೌದೆಯನ್ನು ಸೀಳುತ್ತಿದ್ದೆವು, ಎಳೆ ಕುಡಿಯನ್ನು ಚಿವುಟುತ್ತಿದ್ದೆವು, ಬಟ್ಟೆಯನ್ನು ಕತ್ತರಿಸುತ್ತಿದ್ದೆವು, ಉಗುರು ತೆಗೆಯುತ್ತಿದ್ದೆವು. ಸಂಬಳ ಹಿಡಿಯುತ್ತಿದ್ದರು. ಫೋನ್ ಇಡುತ್ತಿದ್ದರು. ತರಗತಿಗೆ ಚಕ್ಕರ್ ಹೊಡೆಯುತ್ತಿದ್ದರು. ಸ್ನೇಹ ಕಡಿದುಕೊಳ್ಳುತ್ತಿದ್ದರು. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು, ನೆಂಟರ ಹಾಗೆ. ಈಗ ತರಕಾರಿ ಕಟ್, ಮರ ಕಟ್, ಸಂಬಳ ಕಟ್, ಫೋನ್ ಕಟ್, ಕ್ಲಾಸ್ ಕಟ್, ಸ್ನೇಹ ಕಟ್, ಕರೆಂಟ್ ಕಟ್. ಹತ್ತು ಹದಿನೈದು ಕ್ರಿಯಾಪದಗಳ ಕೆಲಸವನ್ನು ಒಂದು ಅರೆಶಬ್ದ ವಹಿಸಿಕೊಂಡಿದೆ. 'ಕ್ಲೀನ್ ಮಾಡು' ಎಂಬುದೂ ಇದೇ ಜಾತಿಯದು. ಬಟ್ಟೆಯನ್ನು ಒಗೆಯುವುದು, ಪಾತ್ರೆಯನ್ನು ಬೆಳಗುವುದು, ನೆಲವನ್ನು ಗುಡಿಸಿ ಸಾರಿಸುವುದು, ಮೇಜನ್ನು ಒರಸುವುದು, ಅಕ್ಕಿಯನ್ನು ಕೇರಿ ಆರಿಸುವುದು, ಹಲ್ಲನ್ನು ಉಜ್ಜುವುದು, ಇಷ್ಟೂ ಈಗ ಕ್ಲೀನ್ ಆಗಿಹೋಗಿದೆ.

ಇದರಿಂದ ನಷ್ಟವೇನು ಎಂದು ಕೇಳುವವರುಂಟು. ಮಾತು ಅರ್ಥವಾದರೆ ಸಾಲದೇ? ಸಾಲದು. 'ಹೆಚ್ಚು' ಎಂದಾಗ ಈಳಿಗೆಮಣೆಯೂ ಅದರ ಮುಂದೆ ಕುಳಿತವರೂ ಕಣ್ಣಿಗೆ ಕಾಣುತ್ತಾರೆ. 'ಕೊಯ್ಯು' ಎಂದಾಗ ಕುಡುಗೋಲು ಕಾಣುತ್ತದೆ. 'ಕಡಿ' ಎಂದಾಗ ಕೊಡಲಿ ಕಾಣುತ್ತದೆ. ಯಾವ ವಸ್ತುವನ್ನು ಯಾವ ಆಯುಧದಿಂದ ಎಷ್ಟು ಮೆತ್ತಗೆ ಮುಟ್ಟಬೇಕೆಂಬ ತಿಳಿವಳಿಕೆ ಆ ಕ್ರಿಯಾಪದದಲ್ಲೇ ಅಡಗಿದೆ. ಅದನ್ನು ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಮಾತಿನ ಜತೆಗೆ ಬಂತು. ಮಾತು ಹೋದರೆ ಅದೂ ಹೋಗುತ್ತದೆ. ನನ್ನ ವಿದ್ಯಾರ್ಥಿಗೆ ಕನ್ನಡ ಬರುವುದಿಲ್ಲವೆಂದು ಹೇಳುವಂತಿಲ್ಲ. ಅವನ ಬಳಿ ನಾಮಪದಗಳಿವೆ, ವಿಭಕ್ತಿಗಳಿವೆ, ಒತ್ತುಗಳಿವೆ. ಇಲ್ಲದಿರುವುದು ಕ್ರಿಯಾಪದ. ಗಾಡಿಯಿದೆ, ಎತ್ತುಗಳಿಲ್ಲ.

ಇಲ್ಲಿ ಇಬ್ಬರು ಎದ್ದು ನಿಲ್ಲುತ್ತಾರೆ. ಮೊದಲನೆಯವರು, "ಮಾಡು ಎಂಬುದು ಇಂದು ನಿನ್ನೆಯದಲ್ಲ, ಊಟ ಮಾಡು, ಸ್ನಾನ ಮಾಡು, ಪೂಜೆ ಮಾಡು ಎಂದು ನಮ್ಮ ಹಿರಿಯರೇ ಹೇಳಲಿಲ್ಲವೇ?" ಎನ್ನುತ್ತಾರೆ. ಹೇಳಿದರು, ನಿಜ. ಆದರೆ ಅವರ ಬಳಿ ಊಟ ಮಾಡು ಎಂಬುದರ ಪಕ್ಕದಲ್ಲಿ ಉಣ್ಣು ಇತ್ತು, ಸ್ನಾನ ಮಾಡು ಎಂಬುದರ ಪಕ್ಕದಲ್ಲಿ ಮೀಯು ಇತ್ತು, ಪೂಜೆ ಮಾಡು ಎಂಬುದರ ಪಕ್ಕದಲ್ಲಿ ಪೂಜಿಸು ಇತ್ತು. ಊಟ ಎಂಬ ಹೆಸರು ಹುಟ್ಟಿದ್ದೇ ಉಣ್ ಎಂಬ ಧಾತುವಿನಿಂದ. ಆಡು ಆಟವಾದಂತೆ, ನೋಡು ನೋಟವಾದಂತೆ. ತಾಯಿ ಬದುಕಿರುವಾಗ ಮಗಳ ಮನೆಯಲ್ಲಿ ಊಟ ಮಾಡಿದರೆ ತಪ್ಪಿಲ್ಲ. ತಾಯಿಯನ್ನು ಮರೆತುಬಿಟ್ಟರೆ ತಪ್ಪು.

ಎರಡನೆಯವರು ಶುದ್ಧಕನ್ನಡದ ವ್ರತಸ್ಥರು. ಇಂಗ್ಲಿಷ್ ಶಬ್ದವನ್ನೇ ಹೊಸಿಲಿನಾಚೆ ನಿಲ್ಲಿಸಬೇಕೆಂಬುದು ಅವರ ಪಕ್ಷ. ಈ ಪಕ್ಷ ಹೊಸದಲ್ಲ. ಸುಮಾರು 1112ರಲ್ಲಿ ಧರ್ಮಾಮೃತವನ್ನು ಬರೆದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ತುರುಕುವುದನ್ನು ತುಪ್ಪಕ್ಕೆ ಎಣ್ಣೆ ಬೆರಸುವುದಕ್ಕೆ ಹೋಲಿಸಿದ. ಆಂಡಯ್ಯನು ಸಂಸ್ಕೃತದ ತತ್ಸಮಗಳಿಲ್ಲದೆ ಕಬ್ಬಿಗರ ಕಾವವನ್ನೇ ಬರೆದು ತೋರಿಸಿದ. ಅವನ ಸಾಹಸಕ್ಕೆ ಕೈ ಮುಗಿಯೋಣ. ಆದರೆ ಕನ್ನಡ ಅವನ ದಾರಿಯಲ್ಲಿ ನಡೆಯಲಿಲ್ಲ. ಕನ್ನಡ ಹಿಡಿದ ದಾರಿ ಜಾಣತನದ್ದು. ಬಂದ ಶಬ್ದವನ್ನು ಒಳಗೆ ಕರೆದು, ಅದಕ್ಕೆ 'ಇಸು' ಎಂಬ ಪ್ರತ್ಯಯ ತೊಡಿಸಿ ಹೊಲಕ್ಕೆ ಕಳುಹಿಸಿತು. ಭಾವಿಸು, ಪ್ರೀತಿಸು, ಆರಂಭಿಸು, ಸ್ಮರಿಸು ಇವು ಸಂಸ್ಕೃತದಿಂದ ಬಂದು ಕನ್ನಡದ ಕ್ರಿಯೆಗಳಾದವು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ಧಾತುಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನೆಂದರೆ, ಭಾಷೆಯ ಬೆನ್ನೆಲುಬು ಎಲ್ಲಿದೆಯೆಂಬುದು ಅವನಿಗೆ ಗೊತ್ತಿತ್ತು.

ಮುಂದೆ ಪಾರಸಿ, ಅರಬ್ಬಿ, ಹಿಂದೂಸ್ತಾನಿ ಶಬ್ದಗಳು ಕಚೇರಿಗಳಲ್ಲೂ ದಂಡಿನಲ್ಲೂ ಸಂತೆಯಲ್ಲೂ ಬಂದವು. ಕನ್ನಡ ಹೆದರಲಿಲ್ಲ. ತಯಾರಿಸು, ಖರೀದಿಸು, ರವಾನಿಸು, ಬದಲಾಯಿಸು, ಚಲಾಯಿಸು, ನಿಭಾಯಿಸು, ಜಮಾಯಿಸು, ಸತಾಯಿಸು — ಇವನ್ನು ಪರಭಾಷೆಯವೆಂದು ಇಂದು ಯಾರು ಗುರುತಿಸುತ್ತಾರೆ? ಶುದ್ಧಕನ್ನಡದ ಭಾಷಣವನ್ನು ತಯಾರಿಸುವವರೂ ತಯಾರಿಸುತ್ತಲೇ ಇರುತ್ತಾರೆ. ಇಂಗ್ಲಿಷಿನ ಕಾಲಕ್ಕೆ ಬಂದಾಗ ಮಾತ್ರ ನಮ್ಮ ಕೈ ನಡುಗಿತು. ಕಾರಣ ನನಗೆ ತೋರುವುದು ಇಷ್ಟು: ಹಿಂದಿನ ಶಬ್ದಗಳನ್ನು ತಂದವರು ಅವುಗಳ ಮೂಲರೂಪಕ್ಕೆ ಹೆದರದ ಜನ, ನಾಲಿಗೆಗೆ ಬಂದಂತೆ ತಿರುಚಿದರು, ಅವು ನಮ್ಮವಾದವು. ಇಂಗ್ಲಿಷನ್ನು ತಂದವರು ನಾವು, ಓದಿದವರು. ಆ ಶಬ್ದದ ಒಂದು ಕೂದಲೂ ಕೊಂಕಬಾರದೆಂಬ ಭಕ್ತಿ ನಮಗೆ. ಪತ್ರಿಕೆಗಳಲ್ಲಿ 'ಕ್ಲಿಕ್ಕಿಸು' ಎಂದು ಕಂಡಾಗ ನನ್ನ ವೃತ್ತಿಬಾಂಧವರು ಮೂಗು ಮುರಿಯುತ್ತಾರೆ. ನನಗಾದರೋ ಸಂತೋಷವಾಗುತ್ತದೆ. ಕ್ಲಿಕ್ಕಿಸಿದನು, ಕ್ಲಿಕ್ಕಿಸಿದಳು, ಕ್ಲಿಕ್ಕಿಸುವರು: ಆ ಶಬ್ದ ಪಲ್ಲಕ್ಕಿಯಿಂದಿಳಿದು ನಡೆಯುತ್ತಿದೆ.

ತಪ್ಪನ್ನೆಲ್ಲ ಹುಡುಗರ ಮೇಲೆ ಹೊರಿಸುವಂತಿಲ್ಲ. ಕನ್ನಡದ ವಿದ್ವಾಂಸರು, ಅಧಿಕಾರಿಗಳು, ಪತ್ರಿಕೆಯವರು ಎಲ್ಲರೂ ಪಾಲುಗಾರರು. ಪಾರಿಭಾಷಿಕ ಪದಗಳೆಂದು ದಶಕಗಳ ಕಾಲ ಕುಳಿತು ನಾವು ಕಟ್ಟಿದ್ದೆಲ್ಲ ನಾಮಪದಗಳನ್ನು: ದೂರವಾಣಿ, ಗಣಕಯಂತ್ರ, ಜಂಗಮವಾಣಿ. ಗಡಿಯಲ್ಲಿ ಹೆಸರುಗಳಿಗೆ ಕಾವಲು ಹಾಕಿ ಕುಳಿತೆವು. ಹಿತ್ತಲ ಬಾಗಿಲಿನಿಂದ ಕ್ರಿಯಾಪದಗಳು ಹೊರಟುಹೋದವು. ವಿದ್ಯುತ್ತಿನ ಪ್ರಕಟಣೆಯನ್ನು ನೋಡಿ: "ಸಂಪರ್ಕವನ್ನು ಕಡಿತಗೊಳಿಸಲಾಗುವುದು." ಕಡಿ ಎಂಬ ಗಟ್ಟಿ ಧಾತುವನ್ನು ಕಡಿತವೆಂಬ ಹೆಸರಾಗಿಸಿ, ಆ ಹೆಸರನ್ನು 'ಗೊಳಿಸು' ಎಂಬ ಹೆಗಲ ಮೇಲೆ ಹೊರಿಸಿ, ಕರ್ತೃವನ್ನು ಮರೆಮಾಡಿದ್ದಾರೆ. ಇದರಲ್ಲಿ ಒಂದಕ್ಷರವೂ ಇಂಗ್ಲಿಷಿಲ್ಲ. ಆದರೂ ಇದು 'ಕಟ್ ಮಾಡು' ಎಂಬುದರ ಅಣ್ಣ. ಬಂಧಿಸಿದರು ಎಂದರೆ ಸಾಲುವಲ್ಲಿ ಬಂಧನಕ್ಕೊಳಪಡಿಸಲಾಯಿತು ಎನ್ನುವ ಪತ್ರಿಕೆಗಳಿಗೂ ಇದೇ ಮಾತು. ಈ ಪುರವಣಿಯ ಸಂಪಾದಕರು ಮನ್ನಿಸಬೇಕು.

ನಾನಿರುವುದು ನಾಗಸಂದ್ರದಲ್ಲಿ. ತುಮಕೂರು ರಸ್ತೆಯ ಈ ಊರಿಗೆ 2015ರ ಮೇ ತಿಂಗಳಲ್ಲಿ ಮೆಟ್ರೋ ರೈಲು ಬಂದು ನಿಂತಿತು. ಒಂಬತ್ತು ವರ್ಷ ನಾವು ಕೊನೆಯ ನಿಲ್ದಾಣದವರಾಗಿದ್ದೆವು. 2024ರ ನವೆಂಬರಿನಲ್ಲಿ ಅದು ಮಾದಾವರದವರೆಗೆ ಮುಂದುವರಿಯಿತು. ಪೀಣ್ಯದ ಕಾರ್ಖಾನೆಗಳು ಪಕ್ಕದಲ್ಲೇ ಇವೆ. ಬಗೆಬಗೆಯ ಭಾಷೆಗಳ ಜನ ಬೆಳಗ್ಗೆ ಸಂಜೆ ಓಡಾಡುತ್ತಾರೆ. ಇಂಥಲ್ಲಿ ಮಾತು ಬೆರೆಯದೆ ಇರುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ರಸ್ತೆಯ ಬದಿಯಲ್ಲಿ ಗಾಜಿನ ಪೆಟ್ಟಿಗೆಯ ಗಾಡಿಯೊಂದು ನಿಲ್ಲುತ್ತದೆ. ಅದರ ಮೇಲೆ ಕನ್ನಡ ಅಕ್ಷರದಲ್ಲಿ 'ಕಟ್ ಫ್ರೂಟ್ಸ್' ಎಂದು ಬರೆದಿದೆ. ಅದರಾಚೆ ಗೋಣಿತಾಟು ಹಾಸಿಕೊಂಡು ಸೊಪ್ಪು ಮಾರುವ ಅಜ್ಜಿಯೊಬ್ಬಳು ಕೂರುತ್ತಾಳೆ. "ದಂಟಿನ ಸೊಪ್ಪು ಎಳೇದು, ಈಗ ಬೆಳಗ್ಗೆ ಕುಯ್ದಿದ್ದು ಮೇಷ್ಟ್ರೇ, ಎರಡು ಕಟ್ಟು ತಗೊಳ್ಳಿ" ಎನ್ನುತ್ತಾಳೆ. ಕುಯ್ದು ತಂದು ಕಟ್ಟಿ ಕಟ್ಟಾಗಿ ಮಾರುವ ಆ ಒಂದು ವಾಕ್ಯದಲ್ಲಿ ನಾನು ತರಗತಿಯಲ್ಲಿ ಒಂದು ಗಂಟೆ ಹೇಳುವ ಪಾಠವಿದೆ. ಅದೇ ಅಜ್ಜಿ ಮರುಗಳಿಗೆಯಲ್ಲಿ ಮೊಮ್ಮಗನಿಗೆ, "ಫೋನ್ ಕಟ್ಟಾಗೋಯ್ತು ನೋಡ್ಲಾ" ಎಂದೂ ಹೇಳುತ್ತಾಳೆ. ಅದಕ್ಕೆ ನನ್ನ ತಕರಾರಿಲ್ಲ. ಅವಳ ಬುಟ್ಟಿಯಲ್ಲಿ ಎರಡೂ ಇವೆ. ಒಂದೇ ಉಳಿದವರ ಬಗ್ಗೆ ನನಗೆ ಚಿಂತೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಹೆಸರುಗಳು ಬರಲಿ, ಬಸ್ಸು, ಫೋನು, ಮೆಟ್ರೋ ಯಾವುದನ್ನೂ ತಡೆಯುವುದು ಬೇಡ. ನಮ್ಮಲ್ಲಿ ಕ್ರಿಯಾಪದ ಇರುವ ಕಡೆ ಅದನ್ನು ಬಳಸೋಣ. ಅಡಿಗೆಮನೆಯಲ್ಲಿ ಹೆಚ್ಚೋಣ, ಅಂಕವನ್ನು ಕಳೆಯೋಣ. ಇಲ್ಲದ ಕಡೆ ಬಂದ ಶಬ್ದಕ್ಕೆ ಇಸು ತೊಡಿಸುವ ಧೈರ್ಯ ಮಾಡೋಣ; ಹತ್ತರಲ್ಲಿ ಎಂಟು ನಗೆಪಾಟಲಾದರೂ ಎರಡು ಉಳಿದಾವು.

ಆ ಹುಡುಗನನ್ನು ಕರೆದು, ಅವನ ಮನೆಯಲ್ಲಿ ಏನೇನನ್ನು ಹೇಗೆ ಹೇಗೆ ಕಟ್ ಮಾಡುತ್ತಾರೆಂದು ಕೇಳಿ ಬರೆದುಕೊಂಡು ಬಾ ಎಂದೆ. ಮೂರನೆಯ ದಿನ ಬಂದ. ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ ಕೇಳಿದನಂತೆ. ಹೆಚ್ಚು, ಕೊಯ್ಯು, ಕಡಿ, ಸೀಳು, ಕೊಚ್ಚು, ತರಿ, ಚಿವುಟು, ಹೆರೆ ಎಂದು ಹದಿನಾಲ್ಕು ಪದಗಳಿದ್ದವು. ಕೊಂಬೆಯನ್ನು 'ಸವರು' ಎಂಬುದು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಯಾರ ಬಾಯಿಂದಲೂ ಕೇಳಿರಲಿಲ್ಲ. ಕೊನೆಗೆ ಅವನು, "ಸಾರ್, ಕರ್ಣನ ತಲೆಗೆ ಯಾವುದು ಹಾಕಬೇಕಿತ್ತು?" ಎಂದ. ಅರ್ಜುನನ ಬಾಣಕ್ಕೆ ಒಪ್ಪುವುದು ಯಾವುದೆಂದು ಇಬ್ಬರೂ ಪಟ್ಟಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಚರ್ಚಿಸಿದೆವು.