ನಕ್ಷೆಗೆ ಬಣ್ಣ ಬಳಿಯುವವರು ಯಾರು?

ಮಾಸ್ಟರ್ ಪ್ಲಾನ್ ಎಂಬುದು ಇಂಜಿನಿಯರುಗಳಿಗೂ ಲೇಔಟು ಮಾಡುವವರಿಗೂ ಸೇರಿದ ಸಂಗತಿ, ರೈತನಿಗೂ ಕೂಲಿಕಾರನಿಗೂ ಅದರ ಗೊಡವೆ ಏಕೆ ಎಂಬ ಭಾವನೆ ನಮ್ಮ ಕಾರ್ಯಕರ್ತರಲ್ಲಿಯೂ ಇದೆ. ಗೇಣಿ, ಕೂಲಿ, ರೇಷನ್ನು, ನೀರು ಇವುಗಳ ಬಗ್ಗೆ ಸಭೆ ಕರೆದರೆ ಜನ ಸೇರುತ್ತಾರೆ. ನಕ್ಷೆಯ ಬಗ್ಗೆ ಕರೆದರೆ ಕುರ್ಚಿಗಳು ಖಾಲಿ ಉಳಿಯುತ್ತವೆ. ಈ ಉದಾಸೀನದಿಂದ ಯಾರಿಗೆ ಲಾಭವಾಗುತ್ತಿದೆ ಎಂಬುದನ್ನು ಈ ವಾರ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ವಿಷಯ ಕಷ್ಟದ್ದೇನೂ ಅಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಪಟ್ಟಣಕ್ಕೂ ಅದರ ಸುತ್ತ ಗೊತ್ತುಪಡಿಸಿದ ಹಳ್ಳಿಗಳಿಗೂ ಒಂದು ನಕ್ಷೆ ತಯಾರಾಗಬೇಕು. ಯಾವ ಸರ್ವೆ ನಂಬರಿನ ಜಮೀನು ಯಾವ ಬಳಕೆಗೆ ಎಂಬುದನ್ನು ಅದು ನಿಗದಿ ಮಾಡುತ್ತದೆ. ಹಳದಿ ಬಣ್ಣ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ತಿಳಿಹಸಿರು ಬೇಸಾಯಕ್ಕೆ. ಹತ್ತು ವರ್ಷಕ್ಕೊಮ್ಮೆ ಇದನ್ನು ಪರಿಷ್ಕರಿಸಬೇಕೆಂದೂ ಕಾಯಿದೆ ಹೇಳುತ್ತದೆ. ಆದ್ದರಿಂದ ರಾಜ್ಯದ ಯಾವುದಾದರೊಂದು ಪಟ್ಟಣದಲ್ಲಿ ಈ ಬಣ್ಣ ಬದಲಿಸುವ ಕೆಲಸ ನಡೆದೇ ಇರುತ್ತದೆ. ಮಣ್ಣು ಅದೇ, ಬಾವಿ ಅದೇ, ಬದುವಿನ ಮೇಲಿನ ಹುಣಿಸೇಮರವೂ ಅದೇ. ಆದರೆ ಹಸಿರು ಹಳದಿಯಾದ ದಿನ ಎಕರೆಯ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬರುತ್ತದೆ. ಒಂದು ಕಾಳು ಹೆಚ್ಚಿಗೆ ಬೆಳೆಯದೆ, ಒಬ್ಬನೂ ಒಂದು ಗುದ್ದಲಿ ಪೆಟ್ಟು ಹಾಕದೆ ಜಮೀನಿನ ಬೆಲೆ ಹತ್ತಾರು ಪಟ್ಟು ಏರುತ್ತದೆ. ಬಣ್ಣ ಬದಲಾಗುವ ಸುದ್ದಿ ಯಾರಿಗೆ ಮೊದಲು ತಿಳಿಯುತ್ತದೋ ಆ ಏರಿಕೆ ಅವರದು.

1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಜಗಳದ ಮೂಲದಲ್ಲಿದ್ದುದು ಗೇಣಿ ಭತ್ತ ಅಳೆಯುವ ಕೊಳಗ. ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದೂ, ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಬಲದಿಂದ 1952ರಲ್ಲಿ ಶಾಸನ ಸಭೆಗೆ ಹೋದದ್ದೂ ನಮ್ಮ ಓದುಗರಿಗೆ ತಿಳಿದ ಇತಿಹಾಸ. ಅಳತೆಯ ಪಾತ್ರೆ ಒಡೆಯನ ಕೈಯಲ್ಲಿದ್ದರೆ ಕಾಯಿದೆಯಲ್ಲಿ ಗೇಣಿ ಎಷ್ಟೆಂದು ಬರೆದಿದ್ದರೂ ಪ್ರಯೋಜನವಿಲ್ಲವೆಂದು ಆ ಜನ ಅನುಭವದಿಂದ ಅರಿತಿದ್ದರು. ಇಂದು ಕೊಳಗದ ಸ್ಥಾನಕ್ಕೆ ಈ ನಕ್ಷೆ ಬಂದು ಕೂತಿದೆ.

ಈ ಮಾತನ್ನು ಈಗ ಏಕೆ ಎತ್ತಬೇಕಾಯಿತೆಂದರೆ, ಜಮೀನಿಗಿದ್ದ ಉಳಿದ ಬೇಲಿಗಳನ್ನು ಒಂದೊಂದಾಗಿ ಕಿತ್ತಿದ್ದಾರೆ. ಬೇಸಾಯಗಾರನಲ್ಲದವನು ಸಾಗುವಳಿ ಜಮೀನು ಕೊಳ್ಳಬಾರದು, ಬೇರೆ ಕಸುಬಿನಿಂದ ಇಂತಿಷ್ಟಕ್ಕಿಂತ ಹೆಚ್ಚು ವರಮಾನ ಇರುವವನೂ ಕೊಳ್ಳಬಾರದು ಎಂಬ 79ಎ, 79ಬಿ ಪ್ರಕರಣಗಳು ಭೂಸುಧಾರಣಾ ಕಾಯಿದೆಯಲ್ಲಿದ್ದವು. 2020ರಲ್ಲಿ ಮೊದಲು ಸುಗ್ರೀವಾಜ್ಞೆಯಿಂದ, ಆಮೇಲೆ ತಿದ್ದುಪಡಿ ಕಾಯಿದೆಯಿಂದ ಬಿಜೆಪಿ ಸರ್ಕಾರ ಅವನ್ನು ತೆಗೆದುಹಾಕಿತು. ಆ ಪ್ರಕರಣಗಳನ್ನು ಯಾರೂ ಮೀರುತ್ತಿರಲಿಲ್ಲವೆಂದು ನಾವು ಹೇಳುವವರಲ್ಲ. ಸುಳ್ಳು ದಾಖಲೆ ಮಾಡಿಸಿ ರೈತರಾದ ದೊಡ್ಡ ಮನುಷ್ಯರ ಕತೆಗಳು ಪ್ರತಿ ತಾಲ್ಲೂಕಿನಲ್ಲಿಯೂ ಇವೆ. ಬೇಲಿ ಜೀರ್ಣವಾಗಿತ್ತು, ನಿಜ. ಅದನ್ನು ದುರಸ್ತಿ ಮಾಡುವ ಬದಲು ಕಿತ್ತೊಗೆದರು. ಅಂದು ವಿರೋಧಿಸಿದ ಕಾಂಗ್ರೆಸ್ ಪಕ್ಷ 2023ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಬೇಲಿಯನ್ನು ಮತ್ತೆ ಹಾಕುವ ಆತುರವನ್ನೇನೂ ತೋರಲಿಲ್ಲ. ಇನ್ನು ಭೂಪರಿವರ್ತನೆ. ನಕ್ಷೆಯ ಬಣ್ಣಕ್ಕೆ ಹೊಂದುವ ಜಮೀನಿಗೆ ಅದು ಈಗ ಬಹುಮಟ್ಟಿಗೆ ಶುಲ್ಕ ಕಟ್ಟುವ ಮಾತಾಗಿದೆ. ಹೀಗಾಗಿ ಪಟ್ಟಣದ ಅಂಚಿನ ಹೊಲಗದ್ದೆಗೆ ಉಳಿದಿರುವ ಕೊನೆಯ ರಕ್ಷಣೆ ನಕ್ಷೆಯ ಮೇಲಿನ ಆ ತಿಳಿಹಸಿರು ಬಣ್ಣವೊಂದೇ.

ಆ ಬಣ್ಣದ ಕುಂಚ ಯಾರ ಕೈಯಲ್ಲಿದೆ? ಸರ್ಕಾರ ನೇಮಿಸುವ ಅಧ್ಯಕ್ಷರಿರುವ ಪ್ರಾಧಿಕಾರದ ಕೈಯಲ್ಲಿ. ಕರಡು ನಕ್ಷೆ ಪ್ರಕಟವಾದ ಮೇಲೆ 60 ದಿನಗಳೊಳಗೆ ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದೆಂದು 13ನೇ ಪ್ರಕರಣ ಹೇಳುತ್ತದೆ. ತಿಳಿಸುವುದು ಹೇಗೆ? ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇಡೀ ಹೋಬಳಿ ಅಂಗೈಯಷ್ಟಾಗಿರುತ್ತದೆ. ಸರ್ವೆ ನಂಬರು ಕಾಣಬೇಕಾದರೆ ಭೂತಗನ್ನಡಿ ಬೇಕು. ಜತೆಗಿರುವ ವಲಯ ನಿಯಮಾವಳಿಯ ಭಾಷೆ ಹೈಸ್ಕೂಲು ಮೇಷ್ಟರಿಗೂ ಬಿಡಿಸಲಾಗದ್ದು. ಜಮೀನಿನ ಒಡೆಯನಿಗೇ ಮನೆಗೆ ನೋಟೀಸು ಬರುವುದಿಲ್ಲವೆಂದ ಮೇಲೆ ಆ ಜಮೀನಿನಲ್ಲಿ ಕೋರಿಗೆ ಉಳುವವನಿಗೆ, ಕಳೆ ಕೀಳುವ ಹೆಂಗಸರಿಗೆ, ಗೋಮಾಳದಲ್ಲಿ ಕುರಿ ಮೇಯಿಸುವವನಿಗೆ ಯಾರು ತಿಳಿಸುತ್ತಾರೆ? ಪಹಣಿಯಲ್ಲಿ ಹೆಸರಿಲ್ಲದವರು ಈ ಲೆಕ್ಕದಲ್ಲಿ ಮನುಷ್ಯರೇ ಅಲ್ಲ.

ನಕ್ಷೆ ಅಂತಿಮವಾದ ಮೇಲೂ ಕತೆ ಮುಗಿಯುವುದಿಲ್ಲ. 14ಎ ಪ್ರಕರಣವೆಂಬ ಒಂದು ಹಿತ್ತಿಲ ಬಾಗಿಲಿದೆ. ಬಿಡಿ ಬಿಡಿ ಜಮೀನುಗಳ ಬಳಕೆಯನ್ನು ಮಧ್ಯದಲ್ಲಿಯೇ ಬದಲಿಸಲು ಅದು ದಾರಿ ಮಾಡಿಕೊಡುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂಬ ಷರತ್ತುಗಳಿವೆ. ಟೆಂಡರು ಜಾಹೀರಾತುಗಳ ನಡುವೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರುವ ಆ ಪ್ರಕಟಣೆಗಳನ್ನು ನಾವು ಪತ್ರಿಕೆಯವರಾದುದರಿಂದ ನೋಡುತ್ತೇವೆ. ಬೇರೆ ಯಾರು ನೋಡುತ್ತಾರೋ ತಿಳಿಯದು.

ಸಂವಿಧಾನ ಹೇಳುವುದು ಬೇರೆಯೇ ಇದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ, ನಗರ ಯೋಜನೆಯನ್ನೂ ಭೂಬಳಕೆಯ ನಿಯಂತ್ರಣವನ್ನೂ ಪುರಸಭೆ, ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯ ಮೊದಲ ಎರಡು ಬಾಬುಗಳಾಗಿ ಬರೆದಿದೆ. ಪಟ್ಟಣ ಮತ್ತು ಹಳ್ಳಿಗಳ ಯೋಜನೆಗಳನ್ನು ಕೂಡಿಸಿ ನೋಡಲು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಜಿಲ್ಲಾ ಪಂಚಾಯಿತಿ ಮತ್ತು ನಗರಸಂಸ್ಥೆಗಳ ಚುನಾಯಿತರೊಳಗಿಂದಲೇ ಆರಿಸಿ ಬರಬೇಕು ಎಂದೂ ಅದು ವಿಧಿಸಿದೆ. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಾಗ, ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಕಾರಣ ಹೇಳುತ್ತ ಚುನಾವಣೆಯನ್ನು ವರ್ಷಾನುಗಟ್ಟಲೆ ಮುಂದೂಡಿದರು. ಪಂಚಾಯಿತಿಗೇ ಸದಸ್ಯರಿಲ್ಲದಿದ್ದರೆ ಯೋಜನಾ ಸಮಿತಿಗೆ ಸದಸ್ಯರು ಎಲ್ಲಿಂದ ಬರಬೇಕು? ಬೆಂಗಳೂರಿನ ಸ್ಥಿತಿ ಇದಕ್ಕಿಂತ ಮೇಲಲ್ಲ. 2007ರಲ್ಲಿ ಮಂಜೂರಾದ ಅಲ್ಲಿನ ಮಹಾಯೋಜನೆ 2015ರವರೆಗಿನದು. 2031ರವರೆಗಿನ ಕರಡನ್ನು 2017ರ ನವೆಂಬರಿನಲ್ಲಿ ಪ್ರಕಟಿಸಿ, ಕೆಲವು ವರ್ಷಗಳ ನಂತರ ಹಿಂತೆಗೆದುಕೊಂಡರು. ಅವಧಿ ಮುಗಿದ ನಕ್ಷೆಯ ಮೇಲೆಯೇ ಆ ಮಹಾನಗರ ಬೆಳೆಯುತ್ತ ಹೋಯಿತು.

ಜನ ಎಚ್ಚೆತ್ತರೆ ಏನಾಗುತ್ತದೆ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ನಿದರ್ಶನವಿದೆ. ಕೈಗಾರಿಕಾ ಮಂಡಳಿ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಹೊರಟಿತು. 2022ರ ಏಪ್ರಿಲ್ 4ರಂದು ಧರಣಿಗೆ ಕುಳಿತ ರೈತರು ಎದ್ದದ್ದು 1,198 ದಿನಗಳ ನಂತರ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವೆಂದು ಸಾರಿದ ಮೇಲೆ. ಆ ರೈತರಿಗೆ ನಮ್ಮ ವಂದನೆಗಳು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭೂಸ್ವಾಧೀನ ಮುಂಬಾಗಿಲು ಬಡಿದುಕೊಂಡು ಬರುತ್ತದೆ. ಅದಕ್ಕೆ ನೋಟೀಸಿದೆ, ಅಧಿಕಾರಿಯಿದ್ದಾನೆ, ಎದುರು ನಿಂತು ಧಿಕ್ಕಾರ ಕೂಗಬಹುದು. ಬಣ್ಣದ ಬದಲಾವಣೆಗೆ ಮುಖವಿಲ್ಲ. ಯಾರ ಜಮೀನನ್ನೂ ಅದು ಕಸಿಯುವುದಿಲ್ಲ. ಸುತ್ತಲಿನ ಬೆಲೆಯನ್ನು ಏರಿಸಿ, ಕೆರೆಯ ಕಾಲುವೆಗೆ ಲೇಔಟಿನ ಚರಂಡಿ ಸೇರಿಸಿ, ನೆರೆಯ ನಾಲ್ಕು ಹೊಲಕ್ಕೆ ತಂತಿಬೇಲಿ ಬಿಗಿಸಿ, ಐದನೆಯವನು ತಾನಾಗಿಯೇ ಮಾರುವಂತೆ ಮಾಡುತ್ತದೆ. ಆಗ ಅದನ್ನು ರೈತನ ಸ್ವಂತ ಇಚ್ಛೆಯೆಂದು ಕರೆಯುತ್ತಾರೆ.

ಇಲ್ಲಿ ನಮ್ಮ ರೈತಮಿತ್ರರು ಒಂದು ಪ್ರಶ್ನೆ ಹಾಕುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಎರಡು ಎಕರೆ ಇಟ್ಟುಕೊಂಡು ಸಾಲದಲ್ಲಿರುವವನ ಜಮೀನಿಗೆ ಹಸಿರು ಬಳಿದು, ರಸ್ತೆಯ ಆಚೆ ಬದಿಯ ಸಾಹುಕಾರನದಕ್ಕೆ ಹಳದಿ ಬಳಿದರೆ, ಹಸಿರಿನವನು ಪಟ್ಟಣದ ಗಾಳಿಗಾಗಿ ತನ್ನ ಮಗಳ ಮದುವೆ ನಿಲ್ಲಿಸಬೇಕೇ? ಹಸಿರು ಉಳಿಸಿರೆಂದು ಬೋಧಿಸುವ ಪಟ್ಟಣದ ಸಜ್ಜನರು ಇದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ. ನಮ್ಮ ಉತ್ತರವಿಷ್ಟು. ಅನ್ಯಾಯವಿರುವುದು ಒಬ್ಬನಿಗೆ ಬೆಲೆ ಸಿಗದಿರುವುದರಲ್ಲಿ ಮಾತ್ರವಲ್ಲ, ಇನ್ನೊಬ್ಬನಿಗೆ ದುಡಿಯದೆ ಸಿಕ್ಕಿರುವುದರಲ್ಲಿಯೂ ಇದೆ. ಬಣ್ಣದಿಂದ ಹುಟ್ಟಿದ ಬೆಲೆಯನ್ನು ಹುಟ್ಟಿಸಿದ್ದು ಸಮಾಜ. ರಸ್ತೆ ಹಾಕಿದ್ದು ಸಮಾಜ, ನೀರಿನ ಪೈಪು ಎಳೆದದ್ದು ಸಮಾಜ. ಆ ಬೆಲೆಯ ದೊಡ್ಡ ಪಾಲು ಸಮಾಜದ ಬೊಕ್ಕಸಕ್ಕೆ ಬಂದು, ಅದರಿಂದ ಹಸಿರು ವಲಯದ ಬೇಸಾಯಗಾರನಿಗೆ ನೀರು, ಬೆಲೆ, ಸಾಲ ಪರಿಹಾರ ದೊರೆಯಬೇಕು.

ಇದು ಹಗಲುಗನಸಲ್ಲ. ಇಂಗ್ಲೆಂಡಿನಲ್ಲಿ ಆಟ್ಲಿಯವರ ಲೇಬರ್ ಸರ್ಕಾರ 1947ರ ಯೋಜನಾ ಕಾಯಿದೆಯಲ್ಲಿ ಇದನ್ನೇ ಮಾಡಿತು. ಜಮೀನು ಒಡೆಯನದೇ, ಆದರೆ ಅದನ್ನು ಬೇರೆ ಬಳಕೆಗೆ ತಿರುಗಿಸುವ ಹಕ್ಕು ರಾಷ್ಟ್ರದ್ದು ಎಂದು ಸಾರಿ, ಅನುಮತಿಯಿಂದ ಏರಿದ ಬೆಲೆಯ ನೂರಕ್ಕೆ ನೂರು ಪಾಲನ್ನು ಅಭಿವೃದ್ಧಿ ಶುಲ್ಕವಾಗಿ ಕೇಳಿತು. ಪೂರ್ತಿ ಕೇಳಿದ್ದರಿಂದ ಒಡೆಯರು ಜಮೀನನ್ನು ಮಾರದೆ ಬಿಗಿಹಿಡಿದು ಕೂತರು, 1953ರಲ್ಲಿ ಕನ್ಸರ್ವೇಟಿವ್ ಸರ್ಕಾರ ಶುಲ್ಕವನ್ನು ರದ್ದು ಮಾಡಿತು. ನೂರರ ಬದಲು ಎಷ್ಟಿರಬೇಕೆಂದು ಚರ್ಚಿಸಬಹುದು. ನಮ್ಮ ಕಾಯಿದೆಯ 18ನೇ ಪ್ರಕರಣದಲ್ಲಿಯೂ ಬಳಕೆ ಬದಲಾವಣೆಗೆ ಶುಲ್ಕವಿದೆ. ಏರಿದ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ದೇವರ ಹುಂಡಿಗೆ ಹಾಕುವ ಚಿಲ್ಲರೆ.

ವಲಯ ವಿಂಗಡಣೆಯಿಂದ ಪೆಟ್ಟು ತಿನ್ನುವ ಇನ್ನೊಂದು ವರ್ಗ ಪಟ್ಟಣದ ಬಡವರು. ಅಮೆರಿಕೆಯಲ್ಲಿ ಈ ಪದ್ಧತಿಗೆ ಅಧಿಕೃತ ಮುದ್ರೆ ಬಿದ್ದದ್ದು 1926ರಲ್ಲಿ, ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ. ಒಂಟಿ ಮನೆಗಳ ಬೀದಿಗೆ ಬರುವ ಬಾಡಿಗೆ ವಠಾರವನ್ನು ಪರಾವಲಂಬಿ ಜೀವಿಗೆ ಹೋಲಿಸಿದ ತೀರ್ಪು ಅದು! ನಮ್ಮಲ್ಲಿ ಅಷ್ಟು ಬಾಯಿಬಿಟ್ಟು ಹೇಳುವುದಿಲ್ಲ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಡಬೇಕೆಂಬ ಲೇಔಟು ನಿಯಮಗಳು ಒಳ್ಳೆಯವೇ. ಆದರೆ ಅವುಗಳ ಖರ್ಚೆಲ್ಲ ಸೈಟಿನ ಬೆಲೆಗೆ ಸೇರಿ, ಗಾರೆ ಕೆಲಸದವನೂ ಆಸ್ಪತ್ರೆಯ ಆಯಾಳೂ ಹಳದಿ ವಲಯದ ಹೊರಗೆ ಬೀಳುತ್ತಾರೆ. ಹಸಿರು ಜಮೀನಿನಲ್ಲಿ ಯಾರೋ ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟನ್ನು ಕೊಳ್ಳುತ್ತಾರೆ. ಮಾರಿದವನು ಹಣ ಎಣಿಸಿಕೊಂಡು ಹೋಗುತ್ತಾನೆ, ಕೊಂಡವನು ಜೀವಮಾನವಿಡೀ ಅಕ್ರಮ ನಿವಾಸಿ. ಖಾತೆಯಿಲ್ಲ, ಬ್ಯಾಂಕಿನ ಸಾಲವಿಲ್ಲ, ನಲ್ಲಿಗಾಗಿ ಪ್ರತಿ ಚುನಾವಣೆಯಲ್ಲೂ ಕೈಮುಗಿಯಬೇಕು. ಅಕ್ರಮ ಸಕ್ರಮದ ಹೆಸರಿನಲ್ಲಿ 2007ರಲ್ಲಿ ಕಾಯಿದೆ ತಿದ್ದಿದರು, 2014ರಲ್ಲಿ ನಿಯಮ ಮಾಡಿದರು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ನಾಲ್ಕಂತಸ್ತಿನ ಅನುಮತಿಯಲ್ಲಿ ಆರಂತಸ್ತು ಎಬ್ಬಿಸಿದವನನ್ನೂ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಶೀಟು ಹೊದಿಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಯೋಜನೆಗೆ ಆ ಗತಿ ಬಂದದ್ದು ಆಶ್ಚರ್ಯವಲ್ಲ.

ಕರಡು ನಕ್ಷೆಯನ್ನು ಆಯಾ ಹಳ್ಳಿಯ ಸರ್ವೆ ನಂಬರುಗಳು ಕಾಣುವಷ್ಟು ದೊಡ್ಡದಾಗಿ ಬರೆದು, ಕನ್ನಡದ ವಿವರಣೆಯೊಂದಿಗೆ ಗ್ರಾಮಸಭೆಯಲ್ಲಿಯೂ ವಾರ್ಡುಸಭೆಯಲ್ಲಿಯೂ ಓದಿ ಹೇಳಬೇಕು. ಆ ಸಭೆಗಳ ಒಪ್ಪಿಗೆಯಿಲ್ಲದೆ ಹಸಿರು ಹಳದಿಯಾಗಕೂಡದು, 14ಎ ಅರ್ಜಿಗೂ ಇದೇ ನಿಯಮ ಅನ್ವಯಿಸಬೇಕು. ಪ್ರತಿ ಹೊಸ ಹಳದಿ ವಲಯದಲ್ಲಿ ಇಂತಿಷ್ಟು ಪಾಲು ಕೂಲಿಕಾರರ ಮನೆಗಳಿಗೆಂದು ನಕ್ಷೆಯಲ್ಲಿಯೇ ಗುರುತಾಗಬೇಕು. ಸರ್ಕಾರದಿಂದ ನಾವು ಕೇಳುವುದು ಇವನ್ನು. ಸರ್ಕಾರ ತಾನಾಗಿ ಕೊಡುತ್ತದೆಂಬ ಭ್ರಮೆ ನಮಗಿಲ್ಲ. ಆದುದರಿಂದ ಪಕ್ಷದ ತಾಲ್ಲೂಕು ಶಾಖೆಗಳು ತಮ್ಮ ಪಟ್ಟಣದ ಯೋಜನಾ ಕಚೇರಿಗೆ ಇಬ್ಬರನ್ನು ಕಳಿಸಿ, ಜಾರಿಯಲ್ಲಿರುವ ನಕ್ಷೆಯ ನಕಲನ್ನೂ ಕಳೆದ ಐದು ವರ್ಷದಲ್ಲಿ 14ಎ ಅಡಿಯಲ್ಲಿ ಆದ ಬದಲಾವಣೆಗಳ ಪಟ್ಟಿಯನ್ನೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಡೆಯಬೇಕು. ಯಾವ ಸರ್ವೆ ನಂಬರು, ಬದಲಾವಣೆಗೆ ಮೊದಲು ಯಾರ ಹೆಸರಿನಲ್ಲಿತ್ತು, ಆಮೇಲೆ ಯಾರ ಹೆಸರಿಗೆ ಬಂತು ಎಂಬುದನ್ನು ಪಹಣಿಯೊಡನೆ ಹೋಲಿಸಿ ನಮಗೆ ಬರೆದು ಕಳಿಸಿದರೆ ಈ ಅಂಕಣಗಳಲ್ಲಿ ಊರೂರಿನ ಪಟ್ಟಿಯನ್ನು ಪ್ರಕಟಿಸುತ್ತೇವೆ. ಕರಡು ಪ್ರಕಟವಾದ ಊರಿನವರು 60 ದಿನ ಮುಗಿಯುವವರೆಗೆ ಕಾಯದೆ ಆಕ್ಷೇಪಣೆಯನ್ನು ಲಿಖಿತವಾಗಿ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.