ಮರೆತ ಹಾಡು ಹುಡುಕಲು ಆಲ್ಗಾರಿದಂ ಸಾಕೆ?

ಪರ: ದೂರದ ಹಾಡು ಮನೆಬಾಗಿಲಿಗೆ

ಜಪಾನಿನ ಮಾರಿಯಾ ತಾಕೆಯುಚಿ 1984ರಲ್ಲಿ ಹಾಡಿದ ‘ಪ್ಲಾಸ್ಟಿಕ್ ಲವ್’ ಬಹುಕಾಲ ಆ ದೇಶದಾಚೆ ಹೆಚ್ಚು ಜನರ ಕಿವಿಗೆ ಬಿದ್ದಿರಲಿಲ್ಲ. 2017ರಲ್ಲಿ ಅಭಿಮಾನಿಯೊಬ್ಬರು ಅದನ್ನು ಯೂಟ್ಯೂಬಿಗೆ ಏರಿಸಿದರು. ಈ ಬಗೆಯ ಜಪಾನಿ ಸಂಗೀತಕ್ಕಿರುವ ‘ಸಿಟಿ ಪಾಪ್’ ಎಂಬ ಹೆಸರೇ ಗೊತ್ತಿಲ್ಲದವರಿಗೂ ಯೂಟ್ಯೂಬಿನ ಆಲ್ಗಾರಿದಂ ಅದನ್ನು ಶಿಫಾರಸು ಮಾಡತೊಡಗಿತು. ವೀಕ್ಷಣೆ ಕೋಟಿ ದಾಟಿತು. 2019ರಲ್ಲಿ ವಾರ್ನರ್ ಮ್ಯೂಸಿಕ್ ಜಪಾನ್ ಆ ಹಳೆಯ ಹಾಡಿಗೆ ಹೊಸ ವಿಡಿಯೊ ಮಾಡಿತು. ಮಿಕಿ ಮತ್ಸುಬಾರಾ 1979ರಲ್ಲಿ ಹಾಡಿದ ‘ಮಯೊನಾಕ ನೊ ಡೋರ್’ ಕಥೆಯೂ ಇಂಥದ್ದೇ. ಗಾಯಕಿ 2004ರಲ್ಲೇ ತೀರಿಕೊಂಡಿದ್ದರು. 2020ರಲ್ಲಿ ಇಂಡೋನೇಷ್ಯಾದ ಗಾಯಕಿ ರೈನಿಚ್ ಅದನ್ನು ಮತ್ತೆ ಹಾಡಿದರು, ಟಿಕ್‌ಟಾಕ್ ದೇಶದೇಶಕ್ಕೆ ಮುಟ್ಟಿಸಿತು.

ಹಿಂದೆ ಇಂಥ ಹಾಡು ಬೇಕೆಂದರೆ ದೊಡ್ಡ ನಗರದ ರೆಕಾರ್ಡ್ ಅಂಗಡಿಯ ಪರಿಚಯವಿರಬೇಕಿತ್ತು, ಆಮದು ಎಲ್‌ಪಿ ಕೊಳ್ಳುವಷ್ಟು ದುಡ್ಡಿರಬೇಕಿತ್ತು. ಈಗ ಕೈಯಲ್ಲೊಂದು ಮೊಬೈಲ್ ಇದ್ದರಾಯಿತು. ಉಳ್ಳವರಿಗೆ ಮಾತ್ರ ಸಿಗುತ್ತಿದ್ದ ಈ ಸುಖ ಎಲ್ಲರ ಪಾಲಿಗೂ ಬಂದಿರುವುದು ಸಣ್ಣ ಮಾತಲ್ಲ.

ವಿರೋಧ: ಹುಡುಕುವವರು ಮನುಷ್ಯರೇ

ಆಲ್ಗಾರಿದಂ ಹಂಚುತ್ತದೆ, ಹುಡುಕುವುದಿಲ್ಲ. ‘ಪ್ಲಾಸ್ಟಿಕ್ ಲವ್’ ಅನ್ನು ಏರಿಸಿದ್ದೂ ಒಬ್ಬ ಅಭಿಮಾನಿಯೇ. ಅಲ್ಲದೆ ತಾಕೆಯುಚಿ ತಮ್ಮ ನಾಡಿನಲ್ಲಿ ಆಗಲೇ ತಾರೆ. ನಿಜಕ್ಕೂ ಮೂಲೆಗೆ ಬಿದ್ದ ಸಂಗೀತದ ಗತಿಯೇನು?

ಜಮೈಕಾದ ಕಾಂಗೋಸ್ ತಂಡದ ರೆಗೆ ಆಲ್ಬಂ ‘ಹಾರ್ಟ್ ಆಫ್ ದಿ ಕಾಂಗೋಸ್’ ನೋಡಿ. 1977ರಲ್ಲಿ ಕಿಂಗ್‌ಸ್ಟನ್ನಿನ ಬ್ಲ್ಯಾಕ್ ಆರ್ಕ್ ಸ್ಟುಡಿಯೊದಲ್ಲಿ ನಿರ್ಮಾಪಕ ಲೀ ಪೆರ್ರಿ ಬರೀ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಅದನ್ನು ಕಟ್ಟಿದರು. ಸೆಡ್ರಿಕ್ ಮೈಟನ್ ಅವರ ಎತ್ತರದ ಕೀರಲು ದನಿ, ಅದಕ್ಕೆ ಆಸರೆಯಾಗಿ ರಾಯ್ಡೆಲ್ ಜಾನ್ಸನ್ ಅವರ ಕಂಠ, ನಡುನಡುವೆ ಹಸು ಅಂಬಾ ಎಂದಂಥ ಸದ್ದು, ಎಲ್ಲವೂ ಪದರಪದರವಾಗಿ ಕೂಡಿಕೊಂಡಿವೆ. ಐಲೆಂಡ್ ಎಂಬ ರೆಕಾರ್ಡ್ ಸಂಸ್ಥೆ ಅದನ್ನು ಹೊರತರಲಿಲ್ಲ. ಜಮೈಕಾದಲ್ಲಿ ಮೊದಲು ಅಚ್ಚಾದದ್ದು ಕೆಲವೇ ನೂರು ಪ್ರತಿ. ಅದು ಮತ್ತೆ ವಿಶಾಲ ಕೇಳುಗರಿಗೆ ಸಿಕ್ಕಿದ್ದು 1996ರಲ್ಲಿ, ಮ್ಯಾಂಚೆಸ್ಟರಿನ ಪುಟ್ಟ ಸಂಸ್ಥೆ ಬ್ಲಡ್ ಅಂಡ್ ಫೈರ್ ಮರುಬಿಡುಗಡೆ ಮಾಡಿದಾಗ. ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು ರೆಗೆಯ ಇತಿಹಾಸ ಬಲ್ಲ ಸ್ಟೀವ್ ಬ್ಯಾರೊ.

ಇಂಥ ಕೆಲಸಕ್ಕೆ ಹಳೆಯ ಟೇಪು ಪತ್ತೆಹಚ್ಚಬೇಕು, ಹಕ್ಕುದಾರರ ಜೊತೆ ಕರಾರು ಮಾಡಿಕೊಳ್ಳಬೇಕು, ಯಾರು ಏನು ನುಡಿಸಿದರೆಂದು ವಿಚಾರಿಸಿ ಬರೆದಿಡಬೇಕು. ಶಿಫಾರಸಿನ ಪಟ್ಟಿ ಇದ್ಯಾವುದನ್ನೂ ಮಾಡದೆ ಮುಂದಿನ ಹಾಡಿಗೆ ಹಾರುತ್ತದೆ. ಪುಕ್ಕಟೆ ಕೇಳಿ ಸುಮ್ಮನಾದರೆ ಇಂಥ ಸಂಸ್ಥೆಗಳು ಬದುಕವು. ಒಂದು ಹಾಡು ಮನಸ್ಸಿಗೆ ಹಿಡಿಸಿತೆ? ಅದನ್ನು ಉಳಿಸಿಕೊಟ್ಟವರಿಂದ ಆ ಆಲ್ಬಂ ಕೊಂಡುಕೊಳ್ಳಿ.